ಬನ್ಯನ್‌ನ ಯಾತ್ರಿಕ ಹೊತ್ತ ಹೊರೆ

ಹರಕು ಬಟ್ಟೆ, ಕೈಯಲ್ಲೊಂದು ಪುಸ್ತಕ, ಬೆನ್ನ ಮೇಲೆ ಭಾರದ ಮೂಟೆ. ಕಥೆಗಾರನ ಕನಸಿನಲ್ಲಿ ಹೀಗೆ ಅಳುತ್ತ ನಿಂತ ಒಬ್ಬ ಮನುಷ್ಯನಿಂದ ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ (1678) ಶುರುವಾಗುತ್ತದೆ. ಅವನ ಹೆಸರು ಕ್ರಿಶ್ಚಿಯನ್. ನಾಶವಾಗಲಿರುವ ಊರನ್ನು ಬಿಟ್ಟು ಅವನು ಸ್ವರ್ಗಪುರಿಗೆ ನಡೆದುಹೋಗುವುದೇ ಕಥೆ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು.

ಆ ಮೂಟೆಯನ್ನು ಬದುಕಿನ ಕಷ್ಟಗಳೆಂದು ಓದುವವರು ಬಹಳ. ಬನ್ಯನ್‌ಗೆ ಅದು ಪಾಪದ ಹೊರೆ. ಶಿಲುಬೆಯ ಬಳಿ ಅದು ತಾನಾಗಿ ಕಳಚಿ, ಉರುಳಿಕೊಂಡು ಹೋಗಿ, ಕೆಳಗಿನ ಸಮಾಧಿಯೊಳಗೆ ಬಿದ್ದುಬಿಡುತ್ತದೆ. ಕಥೆ ಅರ್ಧ ದಾರಿಗೆ ಬರುವುದಕ್ಕೆ ಎಷ್ಟೋ ಮೊದಲೇ ಇದು ಮುಗಿದಿರುತ್ತದೆ. ಕಷ್ಟಗಳು ಏರುವುದು ಆಮೇಲೆ: ಕಡಿದಾದ ಬೆಟ್ಟ, ಪಿಶಾಚಿ ಅಪೊಲಿಯೋನನೊಡನೆ ಕಾಳಗ, ಜೊತೆಗಾರ ಫೇತ್‌ಫುಲ್‌ನನ್ನು ಜೀವಂತ ಸುಡುವ ಸಂತೆ. ನಂಬಿದವನ ಕಷ್ಟ ತೀರುತ್ತದೆಂಬ ಅಗ್ಗದ ಭರವಸೆ ಇಲ್ಲಿಲ್ಲ. ಕೃತಿಯ ಬಲವಿರುವುದೂ ಇಲ್ಲೇ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಂಶಯಕೋಟೆಯ ಭಾಗದಲ್ಲಿ. ನಿರಾಶೆಯೆಂಬ ದೈತ್ಯ ಕ್ರಿಶ್ಚಿಯನ್‌ನನ್ನೂ ಅವನ ಸಂಗಾತಿ ಹೋಪ್‌ಫುಲ್‌ನನ್ನೂ ಬುಧವಾರದಿಂದ ಶನಿವಾರದವರೆಗೆ ಅನ್ನನೀರಿಲ್ಲದೆ ಕತ್ತಲಕೋಣೆಯಲ್ಲಿ ಕೂಡಿಹಾಕುತ್ತಾನೆ, ಹೊಡೆಯುತ್ತಾನೆ, ನೀವೇ ಸತ್ತುಹೋಗಿ ಎಂದು ಬುದ್ಧಿ ಹೇಳುತ್ತಾನೆ. ಕ್ರಿಶ್ಚಿಯನ್ ಅದಕ್ಕೂ ಮನಸ್ಸು ಮಾಡುತ್ತಾನೆ, ತಡೆಯುವವನು ಸಂಗಾತಿ. ರಾತ್ರಿಯಿಡೀ ಪ್ರಾರ್ಥಿಸಿದ ಮೇಲೆ, ‘ವಾಗ್ದಾನ’ವೆಂಬ ಬೀಗದ ಕೈ ಇಷ್ಟು ದಿನವೂ ತನ್ನ ಎದೆಯ ಬಳಿಯೇ ಇತ್ತೆಂಬುದು ಅವನಿಗೆ ನೆನಪಾಗುತ್ತದೆ. ಒಳಗಿನ ಬಾಗಿಲು ಸಲೀಸಾಗಿ ತೆರೆಯುತ್ತದೆ. ಹೊರಗಿನ ಕಬ್ಬಿಣದ ಬಾಗಿಲಿನ ಬೀಗ ಮಾತ್ರ ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ಕೊನೆಗೆ ತೆರೆದಾಗ ಬಾಗಿಲು ಕಿರುಗುಟ್ಟಿ ದೈತ್ಯನಿಗೆ ಎಚ್ಚರವಾಗುತ್ತದೆ. ಬರೀ ಉಪದೇಶಕ್ಕಾದರೆ ಆ ಬಿಗಿಯಾದ ಬೀಗ ಬೇಕಿರಲಿಲ್ಲ. ಬನ್ಯನ್ ಪಾತ್ರೆ ರಿಪೇರಿಯ ಕಸುಬಿನವನು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ 1660ರಿಂದ 1672ರವರೆಗೆ ಬೆಡ್‌ಫರ್ಡ್ ಜೈಲಿನಲ್ಲಿದ್ದವನು. ಹೊರಗೆ ಹೆಂಡತಿ, ಮಕ್ಕಳು. ಅವರಲ್ಲೊಬ್ಬಳು ಕಣ್ಣಿಲ್ಲದ ಮಗಳು. ಬೀಗದ ಸದ್ದು ಅವನಿಗೆ ರೂಪಕವಷ್ಟೇ ಆಗಿರಲಾರದು.

ಕೃತಿಗೆ ದೋಷಗಳೂ ಉಂಟು. ಕೂಗಿ ಕರೆಯುವ ಹೆಂಡತಿ ಮಕ್ಕಳಿಗೆ ಕಿವಿ ಮುಚ್ಚಿಕೊಂಡು ಓಡುವ ನಾಯಕ ಇಂದಿನ ಓದುಗನಿಗೆ ಹಿಡಿಸುವುದು ಕಷ್ಟ. 1684ರ ಎರಡನೆಯ ಭಾಗದಲ್ಲಿ ಆ ಹೆಂಡತಿ ಮಕ್ಕಳೂ ಅದೇ ದಾರಿ ಹಿಡಿಯುತ್ತಾರೆ. ಅಲ್ಲಿನ ಬಳಗದಲ್ಲಿ ಅಳ್ಳೆದೆಯವರಿಗೂ ಊರುಗೋಲಿನವನಿಗೂ ಜಾಗವಿದೆ. ಮೊದಲ ಭಾಗದ ಕೊನೆಗೆ ಅಂಥ ಔದಾರ್ಯವಿಲ್ಲ. ಸಾವಿನ ನದಿಯಲ್ಲಿ ಮುಳುಗತೊಡಗಿದ ಕ್ರಿಶ್ಚಿಯನ್‌ನ ತಲೆಯನ್ನು ಹೋಪ್‌ಫುಲ್ ನೀರಿನ ಮೇಲೆ ಎತ್ತಿಹಿಡಿಯುತ್ತಾನೆ. ಇಬ್ಬರೂ ದಡ ಸೇರುತ್ತಾರೆ. ಹಿಂದೆಯೇ ದೋಣಿಯಲ್ಲಿ ನಿರಾಯಾಸವಾಗಿ ದಾಟಿಬಂದ ‘ಅಜ್ಞಾನ’ ಎಂಬವನ ಕೈಕಾಲು ಕಟ್ಟಿ, ದೇವದೂತರು ಸ್ವರ್ಗದ ಬಾಗಿಲಿನಿಂದಲೇ ನರಕಕ್ಕೆ ಒಯ್ಯುತ್ತಾರೆ. ಕಥೆಗಾರ ಕನಸಿನಿಂದ ಎಚ್ಚರಗೊಳ್ಳುವುದು ಈ ನೋಟದ ಮೇಲೆ.