ಡಬ್ಬಿಯೊಳಗಿನ ಜಿರಳೆ ಸಂಸಾರ

ಟರಂಟುಲಾ ಸಾಕಣೆಯ ಹೊಗಳಿಕೆಯೆಲ್ಲ ಮೈತುಂಬ ರೋಮದ ಆ ಜೇಡಕ್ಕೇ ಸಲ್ಲುತ್ತದೆ. ಅದರ ಹೊಟ್ಟೆ ತುಂಬಿಸುವ ಡುಬಿಯಾ ಜಿರಳೆಯನ್ನು ಕೇಳುವವರಿಲ್ಲ. ನನ್ನ ಮಟ್ಟಿಗೆ ಸಾಕುವವರ ಜಾಣ್ಮೆ ಕಾಣುವುದು ಜಿರಳೆ ಡಬ್ಬಿಯಲ್ಲೇ. ಬೆಳೆದ ಜೇಡ ವಾರಕ್ಕೊಮ್ಮೆ ತಿಂದರೂ ಸಾಕು, ತಿಂಗಳುಗಟ್ಟಲೆ ಉಪವಾಸವನ್ನೂ ತಾಳುತ್ತದೆ. ಜಿರಳೆಗಳ ಸಂಸಾರ ಹಾಗಲ್ಲ. ದಕ್ಷಿಣ ಅಮೆರಿಕ ಮೂಲದ ಈ ಕೀಟಕ್ಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ಚಳಿಯಾದರೆ ಬದುಕಿದ್ದರೂ ಸಂತಾನ ಕುಗ್ಗುತ್ತದೆ. ರಟ್ಟಿನ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿದರೆ ಹಿಕ್ಕೆ ಕೆಳಗುದುರಿ ಅಡಗುತಾಣ ಶುಚಿಯಾಗಿರುತ್ತದೆ. ಬಟ್ಟಲಲ್ಲಿ ನೀರಿಟ್ಟರೆ ಮರಿಗಳು ಮುಳುಗುತ್ತವೆ. ಕ್ಯಾರೆಟ್, ಕಿತ್ತಳೆ ಹೋಳುಗಳೇ ದಾಹ ತೀರಿಸುತ್ತವೆ. ಬೂಷ್ಟು ಹಿಡಿಯುವ ಮೊದಲು ತೆಗೆಯಬೇಕು, ಅಷ್ಟೆ. ಜಿರಳೆ ತಿಂದದ್ದೇ ಜೇಡದ ಊಟವೂ ಆಗುವುದರಿಂದ ಇಲ್ಲಿ ಜಿಪುಣತನ ಸಲ್ಲದು.

ಮನೆಯೆಲ್ಲ ಜಿರಳೆಯಾದರೆ ಎಂಬ ಭಯ ಸಹಜ. ಆದರೆ ಡುಬಿಯಾ ನುಣುಪಾದ ಗಾಜು, ಪ್ಲಾಸ್ಟಿಕ್ ಹತ್ತಲಾರದು. ಗಂಡಿಗೆ ರೆಕ್ಕೆಯಿದ್ದರೂ ಹಾರಾಟ ಅಷ್ಟಕ್ಕಷ್ಟೆ. ಚಿಮ್ಮಂಡೆಯಂತೆ ರಾತ್ರಿಯಿಡೀ ಚಿರಗುಟ್ಟುವುದೂ ಇಲ್ಲ. ಹೆಣ್ಣು ಮೊಟ್ಟೆಕೋಶವನ್ನು ಒಡಲಲ್ಲೇ ಹೊತ್ತು ಮರಿ ಹಾಕುವುದರಿಂದ ಮೊಟ್ಟೆಗಳನ್ನು ಬೇರೆಯಾಗಿ ಕಾಯುವ ಕೆಲಸವಿಲ್ಲ. ಅಲರ್ಜಿಯ ಆಕ್ಷೇಪ ಮಾತ್ರ ಗಟ್ಟಿಯದು: ಹಿಕ್ಕೆಯ ಧೂಳು ಕೆಲವರಿಗೆ ಆಸ್ತಮಾ ಕೆರಳಿಸಬಲ್ಲದು, ಅಂಥವರು ದೂರವಿರುವುದೇ ಸರಿ. ಜೇಡದ ಗೂಡಿಗೆ ಬಿಟ್ಟ ಜಿರಳೆ ಮಣ್ಣಲ್ಲಿ ಹೂತುಕೊಂಡುಬಿಡುತ್ತದೆ ಎಂಬುದು ಇನ್ನೊಂದು ದೂರು. ಅದಕ್ಕೆ ಚಿಮಟದಲ್ಲಿ ಹಿಡಿದು ಜೇಡದ ಮುಂದೊಡ್ಡಬಹುದು. ತಿನ್ನದೆ ಬಿಟ್ಟದ್ದನ್ನು ಮರುದಿನ ತೆಗೆಯಲೇಬೇಕು. ಪೊರೆ ಕಳಚಿದ ಜೇಡದ ಮೈ, ಕೋರೆಹಲ್ಲು ಎರಡೂ ಮೆತ್ತಗಿರುತ್ತವೆ, ಜಿರಳೆಯೇ ಅದನ್ನು ಕಚ್ಚಿ ಗಾಯ ಮಾಡೀತು. ಹಲ್ಲು ಗಟ್ಟಿಯಾಗುವವರೆಗೆ ಊಟ ಹಾಕದಿರುವುದೇ ಒಳ್ಳೆಯದು.