ಇರುಳೆಲ್ಲ ಹಾಡುವವರು, ನಾಲ್ಕು ನಿಮಿಷದ ಹಾಡು

ರಾಕ್ ಸಂಗೀತದ ಬಗ್ಗೆ ಬರೆಯುವವರಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಹಳೆಯ ತಂಡವೊಂದು ಒಂದೇ ಊರಿನಲ್ಲಿ ವರ್ಷ ವರ್ಷ ಹಾಡುತ್ತ ಬಂದಿದ್ದರೆ, ಯಾವ ವರ್ಷ ಯಾವ ಮೈದಾನದಲ್ಲಿ ಹಾಡಿತು, ಯಾವ ಹಾಡನ್ನು ಮೊದಲು ಎತ್ತಿಕೊಂಡಿತು, ಯಾವುದನ್ನು ಬಿಟ್ಟಿತು, ಕೇಳುವ ಜನ ಹೇಗಿದ್ದರು ಎಂಬುದನ್ನೆಲ್ಲ ಅವರು ಬರೆದಿಡುತ್ತಾರೆ. 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ತಂಡಕ್ಕೆ ಸ್ಯಾನ್‌ಫ್ರಾನ್ಸಿಸ್ಕೋ ಅಂಥ ಊರು. ಮೂವತ್ತು ವರ್ಷಗಳಲ್ಲಿ ಅದು ಕೊಟ್ಟ 2,300ಕ್ಕೂ ಹೆಚ್ಚು ಕಛೇರಿಗಳಲ್ಲಿ ಬಹುಪಾಲು ಯಾವ ರಾತ್ರಿ ಯಾವ ಹಾಡಿನ ಹಿಂದೆ ಯಾವ ಹಾಡು ಬಂತು ಎಂಬುದು ಇವತ್ತಿಗೂ ಸಿಗುತ್ತದೆ. ಬೆಂಗಳೂರಿಗೆ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಾಗ, 2007ರಲ್ಲಿ ಐರನ್ ಮೇಡನ್ ಬಂದಾಗ, 2011ರಲ್ಲಿ ಮೆಟಾಲಿಕಾ ಬಂದಾಗ ನಮ್ಮ ಪತ್ರಿಕೆಗಳೂ ಇದೇ ಉತ್ಸಾಹ ತೋರಿದವು. ಅರಮನೆ ಮೈದಾನದ ಮಳೆ, ಕೆಸರು, ಹಾಡಿನ ಪಟ್ಟಿ ಎಲ್ಲವೂ ದಾಖಲಾದವು.

ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ತಕರಾರು ಬೇರೆ. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾದಿಯಲ್ಲಿ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಗ್ರೇಟ್‌ಫುಲ್ ಡೆಡ್ ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದ ಒಂದೇ ಜಾಗದಲ್ಲಿ, ಒಂದೇ ಋತುವಿನಲ್ಲಿ, ಇರುಳೆಲ್ಲ ಹಾಡುತ್ತ ಬಂದ ತಂಡಗಳಿವೆ. ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರು ಒಂದು ಕಡೆ. ಮಲೆ ಮಹದೇಶ್ವರನ ಬೆಟ್ಟದಲ್ಲಿ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು, ಅಂದರೆ ಕಂಸಾಳೆಯವರು, ಇನ್ನೊಂದು ಕಡೆ. ಇವರ ಕಥೆ ಪುಸ್ತಕವಾಗಿದೆ. ಇವರ ಹಾಡಿಕೆಯ ಚರಿತ್ರೆ ಮಾತ್ರ ಬಹುಮಟ್ಟಿಗೆ ಬರೆಯದೆ ಉಳಿದಿದೆ.

ಪುಸ್ತಕವಾದದ್ದು ಸಣ್ಣ ಕೆಲಸವೆಂದು ನಾವು ಹೇಳುತ್ತಿಲ್ಲ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರು ಊರೂರು ಅಲೆದು ಈ ಕಾವ್ಯಗಳನ್ನು ಸಂಗ್ರಹಿಸಿದರು. ತೊಂಬತ್ತರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ, ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಮಲೆ ಮಾದೇಶ್ವರ ಕಾವ್ಯವನ್ನೂ ಹೊರತಂದಿತು. ಎರಡನೆಯದು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ ಪಾಠ, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ರಂಗಭೂಮಿಯವರಿಗೆ ಗೊತ್ತಿರುವಂಥದ್ದೇ. ಆದರೆ ಪುಸ್ತಕ ಹಿಡಿದು ಕೂತವರಿಗೆ ಇದು ಕಾವ್ಯ. ಜಾತ್ರೆಯಲ್ಲಿ ಕೂತವರಿಗೆ ಇದು ರಾತ್ರಿ. ಇವೆರಡರ ನಡುವಿನ ಅಂತರವನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಅಳೆದಿಲ್ಲ.

ಹಾಡಿಕೆ ಹೇಗೆ ನಡೆಯುತ್ತದೆ ನೋಡಿ. ನೀಲಗಾರರ ತಂಡದಲ್ಲಿ ಮುಮ್ಮೇಳದ ಒಬ್ಬನ ಹೆಗಲಿಗೆ ತಂಬೂರಿ, ಕೈಗೆ ಗಗ್ಗರ. ಹಿಮ್ಮೇಳದ ಮೂರ್ನಾಲ್ಕು ಜನರ ಕೈಯಲ್ಲಿ ಡಕ್ಕೆ, ತಾಳ. ಕಥೆಯನ್ನು 'ಸಾಲು'ಗಳಾಗಿ ಹೊಂದಿಸಿರುತ್ತಾರೆ: ಕಲ್ಯಾಣದ ಸಾಲು, ಹಲಗೂರು ಪಾಂಚಾಳರ ಸಾಲು, ಹೀಗೆ. ಮಾದಪ್ಪನ ಕಡೆಗೆ ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು. ಎಲ್ಲ ಸಾಲನ್ನೂ ಒಂದು ರಾತ್ರಿಯಲ್ಲಿ ಹಾಡಿ ಮುಗಿಸಲಾಗದು. ಯಾವುದನ್ನು ಎತ್ತಿಕೊಳ್ಳಬೇಕು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಮಾತಿಗೆ ಇಳಿಯಬೇಕು, ಎಲ್ಲಿ ನಗಿಸಬೇಕು ಎಂಬುದನ್ನು ಹಾಡುಗಾರ ಎದುರಿಗಿರುವ ಜನರ ಮುಖ ನೋಡಿ ನಿರ್ಧರಿಸುತ್ತಾನೆ. ಜನರೂ ಸುಮ್ಮನಿರುವುದಿಲ್ಲ, ಇಂಥ ಸಾಲು ಹಾಡು ಎಂದು ಕೇಳುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಇವತ್ತು ಇವನು ಅದನ್ನು ಹೇಗೆ ಹೇಳುತ್ತಾನೆ ಎಂಬುದಷ್ಟೇ ಕುತೂಹಲ. ಶಿವನಸಮುದ್ರದಲ್ಲಿ ಮರ್ದಾನೇ ಗೈಬ್ ದರ್ಗಾ ಇದೆ. ಯಾವುದೇ ದರ್ಗಾದ ಉರುಸಿನಲ್ಲಿ ಕವಾಲಿ ಕೇಳಿದವರಿಗೆ ಈ ಕೊಡುಕೊಳೆ ಹೊಸದಲ್ಲ. ಒಂದೇ ಸೊಲ್ಲನ್ನು ಹತ್ತು ಸಲ ಮರಳಿಸಿದಾಗ ಹತ್ತನೆಯ ಸಲ ಅದು ಬೇರೆಯದೇ ಆಗಿ ಕೇಳುತ್ತದಲ್ಲ, ಅದು. ಅಚ್ಚಿನಲ್ಲಿ ಅದೇ ಹತ್ತು ಸೊಲ್ಲು ಪುನರುಕ್ತಿಯಾಗಿ ಕಣ್ಣಿಗೆ ಬೇಸರ ತರುತ್ತದೆ.

ಡೆಡ್ ತಂಡದ ಅಭಿಮಾನಿಗಳೂ ಇದಕ್ಕೇ ಊರಿಂದೂರಿಗೆ ಹಿಂಬಾಲಿಸುತ್ತಿದ್ದರು. ಯಾವ ಎರಡು ರಾತ್ರಿಗಳೂ ಒಂದೇ ತೆರನಾಗಿರುತ್ತಿರಲಿಲ್ಲ. 1978ರ ಡಿಸೆಂಬರ್ 31ರಂದು ವಿಂಟರ್‌ಲ್ಯಾಂಡ್ ಎಂಬ ಸಭಾಂಗಣ ಮುಚ್ಚುವ ರಾತ್ರಿ ಅವರು ಬೆಳಗಿನವರೆಗೆ ಹಾಡಿದರು, ಬೆಳಗಾದ ಮೇಲೆ ಬಂದವರಿಗೆಲ್ಲ ಉಪಾಹಾರ ಬಡಿಸಲಾಯಿತು. ಅದನ್ನು ರಾಕ್ ಚರಿತ್ರೆಯ ಮಹಾರಾತ್ರಿ ಎಂದು ಬಣ್ಣಿಸುತ್ತಾರೆ. ಚಿಕ್ಕಲ್ಲೂರಿನಲ್ಲಿ ಇದು ವರ್ಷವರ್ಷವೂ ನಡೆಯುತ್ತದೆ.

ಪುಷ್ಯ ಮಾಸದ ಹುಣ್ಣಿಮೆಯ ರಾತ್ರಿ, ಸಾಮಾನ್ಯವಾಗಿ ಜನವರಿಯಲ್ಲಿ, ಚಂದ್ರಮಂಡಲದಿಂದ ಈ ಜಾತ್ರೆ ಮೊದಲಾಗುತ್ತದೆ. ಬಿದಿರಿನ ಕಟ್ಟಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತೋ ಆ ಸೀಮೆಗೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆ. ಐದು ದಿನಗಳ ಈ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಮುಖ್ಯವಾದದ್ದು. ಬಿಡಾರದ ಮುಂದೆ ಒಲೆ ಹೂಡಿ, ಕುರಿ ಕೋಳಿಯ ಅಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ನೆಂಟರು ಅಪರಿಚಿತರೆನ್ನದೆ ಸಾಲಾಗಿ ಕೂತು ಉಣ್ಣುತ್ತಾರೆ. ಕಳೆದೊಂದು ದಶಕದಲ್ಲಿ ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯನ್ನು ಮುಂದಿಟ್ಟು ಆಡಳಿತ ಇದಕ್ಕೆ ಅಡ್ಡ ನಿಂತಿದೆ. ಜಾತ್ರೆಯ ದಾರಿಗಳಲ್ಲಿ ತಪಾಸಣೆ ಬಂತು. ಇದು ಬಲಿಯಲ್ಲ, ಸಹಪಂಕ್ತಿ ಭೋಜನ ಎಂದು ಒಕ್ಕಲುಗಳೂ ಅವರ ಪರ ನಿಂತವರೂ ವಾದಿಸುತ್ತಿದ್ದಾರೆ.

ಕಲಾವಿಮರ್ಶೆಯಲ್ಲಿ ಅಡುಗೆಯ ಮಾತೇಕೆ ಎಂದು ಕೇಳುವವರಿರಬಹುದು. ಆ ರಾತ್ರಿ ಹಾಡುವ ಕಥೆಯನ್ನೊಮ್ಮೆ ಕೇಳಲಿ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಕೊಳೆತು ನಾರುವ ರೋಗಿಯ ವೇಷದಲ್ಲಿ. ಶುದ್ಧರೆಂದು ಹೆಸರಾದ ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ, ಒಳಗೆ ಬಿಡುವುದಿಲ್ಲ. ಯಾರು ನಿಜವಾದ ಶರಣರು ಎಂಬ ಪರೀಕ್ಷೆ ಅಲ್ಲಿ ನಡೆಯುತ್ತದೆ. ಸಮಾನತೆಯ ಹೆಸರಿನಲ್ಲಿ ಕಟ್ಟಿದ ಊರಿನಲ್ಲೂ ಬಾಗಿಲು ಕಾಯುವವರು ಹುಟ್ಟಿಕೊಳ್ಳುತ್ತಾರೆ ಎಂಬ ಈ ಟೀಕೆಯನ್ನು ನೀಲಗಾರರು ಇರುಳಿಡೀ ಹಾಡುತ್ತಾರೆ. ಆ ಹಾಡು ಕೇಳಲು ಹೊರಟವರ ಗಾಡಿಯನ್ನು ತಡೆದು, ಒಳಗೆ ಕೋಳಿಯಿದೆಯೇ ಎಂದು ನೋಡುವ ದೃಶ್ಯವನ್ನು ಕಥೆಗೆ ಬೇರೆಯಾಗಿ ಸೇರಿಸಬೇಕಾಗಿಲ್ಲ, ಅದು ಅದರೊಳಗೇ ಇದೆ. ಊಟವನ್ನು ಬಿಟ್ಟು ಹಾಡನ್ನಷ್ಟೇ ಉಳಿಸಿಕೊಳ್ಳುತ್ತೇವೆ ಎನ್ನುವ ಸಂಸ್ಕೃತಿಪ್ರಿಯರ ಮಾತನ್ನು ನಾವು ಒಪ್ಪುವುದಿಲ್ಲ. ಕುರಿ ಕಡಿಯುವುದರ ಬಗ್ಗೆ ಯಾರಿಗಾದರೂ ಪ್ರಾಮಾಣಿಕವಾದ ಆಕ್ಷೇಪವಿದ್ದರೆ ಅದನ್ನು ಚರ್ಚಿಸಬಹುದು. ಆದರೆ ಆ ಚರ್ಚೆ ಊರಿನ ಮಾಂಸದಂಗಡಿಗಳನ್ನು ಬಿಟ್ಟು ಬಡವರ ಬಿಡಾರದಲ್ಲಿ ಮಾತ್ರ ಏಕೆ ನಡೆಯಬೇಕು?

ಈ ಸೀಮೆಯ ಚರಿತ್ರೆಯೂ ಸ್ವಲ್ಪ ವಿಚಿತ್ರವಾದದ್ದು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರು. ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರಕ್ಕೆ ಸೇರಿತು. ಹನೂರು ತಾಲ್ಲೂಕಾದದ್ದು ತೀರ ಈಚೆಗೆ. ಕಚೇರಿಗಳ ಗಡಿ ಹೀಗೆ ಸರಿದಾಡುತ್ತಿದ್ದಾಗಲೂ ಹಾಡಿನ ಗಡಿ ಕದಲಲಿಲ್ಲ. ಮಾದಪ್ಪನ ಒಕ್ಕಲು ಇವತ್ತಿಗೂ ತಮಿಳುನಾಡಿನ ಕಡೆಯಿಂದಲೂ ಬೆಟ್ಟ ಹತ್ತುತ್ತಾರೆ. ವೀರಪ್ಪನ್ ಕಾಲದಲ್ಲಿ, ಅದರಲ್ಲೂ 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾದ ಮೇಲೆ, ಹನೂರಿನಾಚೆಯ ಕಾಡುದಾರಿ ಎಂದರೆ ಜನ ಹೆದರುವಂತಾಗಿತ್ತು. 2004ರಲ್ಲಿ ಅವನು ಸತ್ತ. ಆ ವರ್ಷಗಳಲ್ಲಿ ಹಾಡುವವರು ಬೆಟ್ಟಕ್ಕೆ ಹೇಗೆ ಹೋಗಿಬಂದರು, ಎಷ್ಟು ಮೇಳ ನಿಂತುಹೋದವು? ವೀರಪ್ಪನ್ ಬಗ್ಗೆ ಇಷ್ಟೊಂದು ಪುಸ್ತಕ, ಸಿನಿಮಾ ಬಂದರೂ ಈ ಪ್ರಶ್ನೆ ಕೇಳಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಇನ್ನು ನಾಲ್ಕು ನಿಮಿಷದ ಹಾಡಿನ ಮಾತು. ಕ್ಯಾಸೆಟ್ ಬಂದಾಗ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿ ಬಸ್ಸಿಗೂ ಟೀ ಅಂಗಡಿಗೂ ಬಂತು. ಕಂಸಾಳೆ ಮಹದೇವಯ್ಯನವರು ಈ ಕಲೆಯನ್ನು ನಗರದ ವೇದಿಕೆಗಳಿಗೆ ಪರಿಚಯಿಸಿದರು. ಕ್ಯಾಸೆಟ್ಟಿನಲ್ಲೂ ಕಥೆ ಕಥೆಯಾಗಿಯೇ ಉಳಿದಿತ್ತು. ಹಾಡುಗಾರನೇ ಅದರ ಯಜಮಾನನಾಗಿದ್ದ. ಸಿನಿಮಾ ಬಂದಾಗ ಕಥೆ ಕಳಚಿ ಹಾಡು ಮಾತ್ರ ಉಳಿಯಿತು. ಟಿ.ಎಸ್. ನಾಗಾಭರಣರ 'ಜನುಮದ ಜೋಡಿ'ಯಲ್ಲಿ (1996) ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ' ಮನೆಮಾತಾಯಿತು. ಅದು ಚೆನ್ನಾಗಿಯೇ ಇದೆ. ಶಾಸ್ತ್ರಿಯವರ ದನಿಯಲ್ಲಿ ಭಿಕ್ಷೆಗೆ ಬಂದ ಜಂಗಮನ ದಣಿವೂ ಗತ್ತೂ ಎರಡೂ ಇವೆ. ಈಚೆಗೆ 'ಸೋಜುಗಾದ ಸೂಜುಮಲ್ಲಿಗೆ' ಅನನ್ಯಾ ಭಟ್ ಅವರ ದನಿಯಲ್ಲಿ ಊರೂರು ಸುತ್ತಿತು, 2021ರಲ್ಲಿ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ'ದಲ್ಲೂ ಬಂತು. ಹಾಡು ಸೊಗಸಾಗಿದೆ. ಆದರೆ ಕಂಸಾಳೆಯ ಪೆಟ್ಟಿಲ್ಲದ ಅದು ಧ್ಯಾನಗೀತೆಯಂತೆ ಕೇಳುತ್ತದೆ. ಕಂಸಾಳೆ ಎಂದರೆ ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ, ಎರಡೂ ಕಂಚಿನವು. ಅದೇ ಬಟ್ಟಲಿಗೆ ಭಿಕ್ಷೆಯೂ ಬೀಳುತ್ತದೆ. ಹಸಿವಿನ ಸದ್ದು ಕೂಡ ಆ ನಾದದಲ್ಲಿದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಇಂಪು.

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ಇದೇ 'ಕೋಲುಮಂಡೆ'ಯನ್ನು ರ‍್ಯಾಪ್ ಮಾಡಿದರು. ಅದರ ದೃಶ್ಯದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ಸಿಟ್ಟಾದರು. ಅವರು ಕ್ಷಮೆ ಕೇಳಿದರು, ವಿಡಿಯೊ ಹಿಂದೆಗೆದುಕೊಳ್ಳಲಾಯಿತು. ಆಗ ನಡೆದ ವಾದವೆಲ್ಲ ದೇವರ ಶರಣೆಗೆ ಅವಮಾನವಾಯಿತೇ ಇಲ್ಲವೇ ಎಂಬುದರ ಸುತ್ತ ತಿರುಗಿತು. ಎರಡೂ ಕಡೆಯವರು ಸಂಕಮ್ಮನ ಸಾಲನ್ನು ಪೂರ್ತಿ ಕೇಳಿದ್ದರೆ ವಾದ ಬೇರೆ ದಾರಿ ಹಿಡಿಯುತ್ತಿತ್ತು. ಕಾಡಿಗೆ ಹೊರಟ ಗಂಡ ನೀಲೇಗೌಡನಿಗೆ ಹೆಂಡತಿಯ ಮೇಲೆ ನಂಬಿಕೆಯಿಲ್ಲ. ಬಲಗೈ ಭಾಷೆ ಕೊಡು ಎಂದು ಪೀಡಿಸುತ್ತಾನೆ. ಅವಳು ಒಪ್ಪದಿದ್ದಾಗ ಹಿಂಸಿಸಿ, ಮಾಟ ಮಾಡಿ ಕೂಡಿಹಾಕಿ ಹೋಗುತ್ತಾನೆ. ಅವಳ ಕೂಗು ಕೇಳಿ ಬರುವವನು ಮಾದಪ್ಪ. ಹೆಣ್ಣಿನ ಮೈಯನ್ನು ಗಂಡಸಿನ ಸಂಶಯ ಹೇಗೆ ಸೆರೆಮನೆ ಮಾಡುತ್ತದೆಂಬುದನ್ನು ಇಷ್ಟು ನೇರವಾಗಿ ಹೇಳಿದ ಕಾವ್ಯಭಾಗ ಕನ್ನಡದಲ್ಲಿ ಹೆಚ್ಚಿಲ್ಲ. ಆ ದೃಶ್ಯ ಮಾಡಿದವರಿಗೆ ಅವಳು ಬರೀ ಚೆಲುವೆಯಾಗಿ ಕಂಡಳು, ಸಿಟ್ಟಾದವರಿಗೆ ಬರೀ ಪೂಜ್ಯಳಾಗಿ ಕಂಡಳು. ಅವಳ ನೋವಿನ ಕಥೆ ಇಬ್ಬರ ಕೈಗೂ ಸಿಗಲಿಲ್ಲ. ರ‍್ಯಾಪ್ ಎಂಬ ಪ್ರಕಾರವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಕರಿಯರ ಬೀದಿಯಲ್ಲಿ ಹುಟ್ಟಿದ, ಮಾತೇ ತಾಳವಾಗುವ ಆ ಪ್ರಕಾರಕ್ಕೆ ನೀಲಗಾರರ ಮಾತುಗಾರಿಕೆ ದೂರದ್ದೇನಲ್ಲ. ಯಾರಾದರೂ ಸಂಕಮ್ಮನ ಭಾಷೆಯ ಪ್ರಸಂಗವನ್ನೇ ರ‍್ಯಾಪ್ ಮಾಡಿದ್ದರೆ ನಾವು ಮೊದಲ ಸಾಲಿನಲ್ಲಿ ಕೂತು ಕೇಳುತ್ತಿದ್ದೆವು.

ಹಣದ ಮಾತನ್ನೂ ಆಡಬೇಕು. ಡೆಡ್ ತಂಡ 1984ರಲ್ಲಿ ಕಛೇರಿಯನ್ನು ಟೇಪ್ ಮಾಡಿಕೊಳ್ಳುವವರಿಗೆ ಬೇರೆ ಜಾಗವನ್ನೇ ಮೀಸಲಿಟ್ಟಿತು: ಟೇಪು ಹಂಚಿಕೊಳ್ಳಿ, ಮಾರಬೇಡಿ ಎಂಬುದು ಅವರ ನಿಯಮ. ಹಾಡು ತಮ್ಮದೆಂಬ ಧೈರ್ಯವಿದ್ದವರು ಹೀಗೆ ಉದಾರವಾಗಿರಬಲ್ಲರು. ಮಾದಪ್ಪನ ಹಾಡಿಗೆ ಕಾನೂನಿನ ಪ್ರಕಾರ ಒಡೆಯರಿಲ್ಲ. 'ಜಾನಪದ' ಎಂದು ಬರೆದರೆ ಸಾಕು, ಯಾರೂ ಬಳಸಬಹುದು. ದೇವರಗುಡ್ಡರು ದೀಕ್ಷೆ ಪಡೆದು, ಭಿಕ್ಷೆಯ ವ್ರತ ಹಿಡಿದು ತಲೆಮಾರುಗಳಿಂದ ಕಾಪಾಡಿದ ಸೊಲ್ಲು ಸ್ಟುಡಿಯೋದಲ್ಲಿ ಬಂಡವಾಳವಾಗುತ್ತದೆ, ಅದರ ಲಾಭದಲ್ಲಿ ಅವರಿಗೆ ಪಾಲಿಲ್ಲ. ದಲಿತ, ಕುರುಬ, ಉಪ್ಪಾರ ಮೊದಲಾದ ಜಾತಿಗಳಿಂದ ಬಂದ ಈ ಹಾಡುಗಾರರಿಗೆ ಸರ್ಕಾರ ಪ್ರಶಸ್ತಿ, ಮಾಸಾಶನ ಕೊಡುತ್ತದೆ ನಿಜ. ಅದು ಮುಪ್ಪಿನಲ್ಲಿ ಬರುವ ದಯೆ. ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ತಾಳ ಬೀಸಿದಾಗ ಚಪ್ಪಾಳೆ ಬೀಳುತ್ತದೆ. ಅಲ್ಲಿ ಮೈಯ ಚಮತ್ಕಾರವಿದೆ. ಕಥೆಗೆ ಮೆರವಣಿಗೆಯಲ್ಲಿ ಸಮಯವಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಇನ್ನೊಂದು ಪಾಠಾಂತರ ಅಚ್ಚು ಮಾಡುವ ಮೊದಲು ಒಂದು ಕೆಲಸ ಮಾಡಲಿ. ಮುಂದಿನ ಚಿಕ್ಕಲ್ಲೂರು ಜಾತ್ರೆಯ ಐದು ರಾತ್ರಿ, ಬೆಟ್ಟದ ಶಿವರಾತ್ರಿಯ ಒಂದು ರಾತ್ರಿ, ಯಾವ ಊರಿನ ಯಾವ ಮೇಳ ಎಲ್ಲಿ ಕೂತಿತು, ಯಾವ ಸಾಲು ಎತ್ತಿತು, ಯಾರು ಏನು ಕೇಳಿದರು, ಹಾಡುಗಾರನ ಜೋಳಿಗೆಗೆ ಏನು ಬಿತ್ತು ಎಂದು ಬರೆದಿಡಲಿ. ಅದಕ್ಕೆ ಬೇಕಾಗುವುದು ಒಂದು ನೋಟುಬುಕ್ಕು, ಒಂದು ಕಂಬಳಿ. ಜನವರಿಯಲ್ಲಿ ಅಲ್ಲಿ ಚಳಿ ಇರುತ್ತದೆ.