ಹಾಡು ಆಡುಮಾತಾದಾಗ

ಇಂಗ್ಲೆಂಡಿನ ಬೀಟಲ್ಸ್ ಎಂಬ ರಾಕ್ ತಂಡ 1970ರಲ್ಲಿ ಒಡೆದುಹೋಯಿತು. ಆದರೆ ಅದರ ಹಾಡಿನ ಸಾಲುಗಳು ಇಂಗ್ಲಿಷ್ ಮಾತಾಡುವವರ ನಿತ್ಯದ ಮಾತಿನಲ್ಲಿ, ಪತ್ರಿಕೆಗಳ ತಲೆಬರಹಗಳಲ್ಲಿ ಇಂದಿಗೂ ಓಡಾಡುತ್ತಿವೆ. ಹಾಡಿದವರ ಹೆಸರು ಗೊತ್ತಿಲ್ಲದವರೂ ಆ ಮಾತನ್ನು ಆಡುತ್ತಾರೆ. ಇದು ರೆಕಾರ್ಡು, ರೇಡಿಯೋಗಳ ಕಾಲದ ಪವಾಡ ಎನ್ನುವವರಿದ್ದಾರೆ. ಕನ್ನಡದಲ್ಲಿ ಈ ಪವಾಡ ರೆಕಾರ್ಡು ಬರುವ ಮೊದಲೇ ನಡೆದಿತ್ತು. ಏಕತಾರಿ, ದಮ್ಮಡಿ, ತಾಳ ಹಿಡಿದು ಕೂಡುವ ಭಜನಾ ಮೇಳವೇ ನಮ್ಮ ತಂಡ. ತತ್ವಪದವೇ ಅದರ ಹಾಡು.

ಶಿಶುನಾಳ ಷರೀಫರ (1819–1889) ಉದಾಹರಣೆಯನ್ನೇ ನೋಡೋಣ. ಮಳೆಗಾಲ ಬಂದು ಸರಕಾರಿ ಶಾಲೆ ಸೋರತೊಡಗಿದರೆ ಪತ್ರಿಕೆಗಳು ಅವರ ಮಾಳಿಗೆಯ ಪದವನ್ನೇ ತುಸು ತಿದ್ದಿ ತಲೆಬರಹ ಮಾಡುತ್ತವೆ. ಸಣ್ಣವನು ದೊಡ್ಡವನನ್ನು ಮಣಿಸಿದರೆ ಕೋಡಗವನ್ನು ನುಂಗಿದ ಕೋಳಿ ನೆನಪಾಗುತ್ತದೆ. ಪುಸ್ತಕ ಮುಟ್ಟದವರೂ ಈ ಮಾತುಗಳನ್ನು ಸಲೀಸಾಗಿ ಬಳಸುತ್ತಾರೆ. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆದರೆ ಒಂದು ನಷ್ಟವೂ ಇದೆ. ತಲೆಬರಹದ ಮಾಳಿಗೆ ಬರೀ ಮಾಳಿಗೆ. ಷರೀಫರ ಮಾಳಿಗೆ ನಮ್ಮ ದೇಹ, ನಮ್ಮ ಮನಸ್ಸು. ನುಂಗುವ ಪವಾಡಗಳ ಸರಣಿ ಅವರ ಪದದಲ್ಲಿ ಕೊನೆಗೆ ಗುರುವಿನ ಪಾದ ತಮ್ಮನ್ನೇ ನುಂಗುವಲ್ಲಿಗೆ ಮುಟ್ಟುತ್ತದೆ. ನಾವು ಸೋಜಿಗವನ್ನು ಇಟ್ಟುಕೊಂಡು ಆ ಕೊನೆಯನ್ನು ಬಿಟ್ಟಿದ್ದೇವೆ.

ಷರೀಫರನ್ನು ನಗರದ ಕಿವಿಗೆ ತಲುಪಿಸಿದ್ದರಲ್ಲಿ ಸಿ. ಅಶ್ವಥ್ ಅವರ ಕಂಠ ಮತ್ತು ಕ್ಯಾಸೆಟ್ಟುಗಳ ಪಾಲು ದೊಡ್ಡದು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. 2008ರಲ್ಲಿ ರಘು ದೀಕ್ಷಿತ್ ಅವರ ತಂಡ ‘ಅಂತರಾಗ್ನಿ’ ಆಲ್ಬಮ್ಮಿನಲ್ಲಿ ಗುಡಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರಿನೊಂದಿಗೆ ಹಾಡಿತು. ಇದನ್ನು ಅಪಚಾರವೆಂದು ನಾವು ಭಾವಿಸುವುದಿಲ್ಲ. ಕನ್ನಡ ಓದಲು ಬಾರದ ಹುಡುಗರ ಬಾಯಿಗೂ ಷರೀಫರು ಬಂದದ್ದು ಸಣ್ಣ ಮಾತಲ್ಲ. ಆಕ್ಷೇಪವಿರುವುದು ಬೇರೆ ಕಡೆ. ಭಜನೆಯಲ್ಲಿ ಒಬ್ಬ ಸೊಲ್ಲು ಎತ್ತಿದರೆ ಸುತ್ತ ಕೂತವರೆಲ್ಲ ಅದನ್ನು ಹಿಂದೆ ಹಾಡುತ್ತಾರೆ. ಮತ್ತೆ ಮತ್ತೆ ಹಾಡುವಾಗ ಅರ್ಥ ಒಳಗಿಳಿಯುತ್ತದೆ. ವೇದಿಕೆಯಲ್ಲಿ ಒಬ್ಬ ಹಾಡುತ್ತಾನೆ, ಸಾವಿರ ಜನ ಕುಣಿಯುತ್ತಾರೆ. ಸಾಧನೆಯ ರೂಪಕವಾದ ಗುಡಗುಡಿ ಆ ವೇಗದಲ್ಲಿ ಬರೀ ಹೊಗೆಯ ಮೋಜಾಗಿ ಉಳಿಯುವ ಅಪಾಯವಿದೆ.

ಕಲಬುರಗಿಯ ಮಾತಿಗೆ ಬಂದರೆ ಚಿತ್ರ ಇನ್ನೂ ಬದಲಾಗುತ್ತದೆ. 1422ರಲ್ಲಿ ಇಲ್ಲಿಯೇ ತೀರಿಕೊಂಡ ಹಝ್ರತ್ ಖ್ವಾಜಾ ಬಂದೇನವಾಜರ ದರ್ಗಾದ ಊರು ಇದು. ಚಿಶ್ತಿ ಪರಂಪರೆಯಲ್ಲಿ ಸಂಗೀತಕ್ಕೆ ಜಾಗವಿತ್ತು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ದಖನಿಯಲ್ಲಿ ಹಾಡುತ್ತಿದ್ದ ಚಕ್ಕಿನಾಮಾಗಳಲ್ಲಿ ಒಂದನ್ನು ಖ್ವಾಜಾರ ಹೆಸರಿಗೇ ಹೇಳುವುದುಂಟು. ಸೂಫಿ ವಿಚಾರ ಮನೆಯೊಳಗೆ ಹೋದದ್ದು ಗ್ರಂಥಗಳಿಗಿಂತ ಹೆಚ್ಚಾಗಿ ಇಂಥ ಹಾಡುಗಳ ಮೂಲಕ ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸಿದ್ದಾರೆ. ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡೂ ಸರಿಯಿತು. ಕೆಲಸದ ಜೊತೆ ಹುಟ್ಟಿದ ಹಾಡಿಗೆ ಆ ಕೆಲಸವೇ ಮನೆ.

ತತ್ವಪದಕ್ಕೆ ಹಾಗಾಗಲಿಲ್ಲ, ಏಕೆಂದರೆ ಅದರ ಮನೆ ರಾತ್ರಿಯ ಬಿಡುವು. 1948ರವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಶಾಲೆ ಕಾಣದ ರೈತ, ಕೂಲಿಕಾರರು ಕನ್ನಡದ ಗಹನ ವಿಚಾರವನ್ನು ಉಳಿಸಿಕೊಂಡದ್ದು ಅಮಾವಾಸ್ಯೆಯ ಭಜನೆಗಳಲ್ಲಿ. ಕಡಕೋಳ ಮಡಿವಾಳಪ್ಪನವರ ಪದಗಳು ಹೀಗೆ ಉಳಿದವು. ಅವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು. ಗೋವಿಂದ ಭಟ್ಟರಿಗೆ ಷರೀಫರಿದ್ದಂತೆ ಮಡಿವಾಳಪ್ಪನವರಿಗೆ ಜಲಾಲಸಾಹೇಬರು. ಆದರೆ ಇವರ ಮೇಲೆ ನಾಡೆಲ್ಲ ನೋಡಿದ ಚಿತ್ರವಿಲ್ಲ, ಇವರ ಪದವನ್ನು ಮನೆಮಾತು ಮಾಡಿದ ಕ್ಯಾಸೆಟ್ಟಿಲ್ಲ. ಬೆಂಗಳೂರಿನ ಕಿವಿಗೆ ಬೀಳದ್ದು ಕರ್ನಾಟಕದಲ್ಲಿ ಇಲ್ಲವೆಂದೇ ಲೆಕ್ಕ ಹಾಕುವ ರೂಢಿ ನಮ್ಮ ವಿಮರ್ಶೆಗೂ ಅಂಟಿದೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಈ ಊರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಎಲ್ಲಿಯದೆಂದು ಇನ್ನು ಯಾರೂ ತಕರಾರು ತೆಗೆಯುವಂತಿಲ್ಲ. ಪದಕ್ಕೆ ಅಂಥ ಚೀಟಿ ಇಲ್ಲ, ಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾದದ್ದು ಬಾಯಿ. ಕನ್ನಡ, ದಖನಿ, ಲಂಬಾಣಿ ಮೂರೂ ಕಿವಿಗೆ ಬೀಳುವ ಇಂಥ ಸೀಮೆಯಲ್ಲಿ ‘ಖರೇ’ ಎಂಬ ಮಾತು ಯಾರದೆಂದು ಯಾರೂ ಕೇಳುವುದಿಲ್ಲ, ಅದು ಆಡುವವರದು. ಪದಗಳೂ ಹಾಗೆಯೇ ಬದುಕಿದವು.

ಈಗ ಕೇಳುವ ಕಾಲ ಬಂದಿದೆ. ಷರೀಫರು ನಿಜಕ್ಕೂ ಮುಸ್ಲಿಮರೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಅವರು ಮುಸ್ಲಿಮರಾಗಿ ಉಳಿದಿದ್ದರೇ ಎಂದು ಆ ಕಡೆಯಲ್ಲಿ ಕೆಲವರು. ಇಬ್ಬರಿಗೂ ಪದ ಬೇಕಿಲ್ಲ, ಪಟ್ಟಿ ಬೇಕು. ಇವರಿಬ್ಬರ ನಡುವೆ ಮೂರನೆಯವರೂ ಇದ್ದಾರೆ: ಷರೀಫರನ್ನು ಸೌಹಾರ್ದದ ಸಭೆಯಲ್ಲಿ ಮಾತ್ರ ನೆನೆಯುವವರು. ಮಾಳಿಗೆಯ ಪದಕ್ಕೆ ತಲೆದೂಗಿದವರೇ ಮರುದಿನ ಹೆಸರು ಕೇಳಿ ಬಾಡಿಗೆ ಮನೆ ಕೊಡಲು ಹಿಂದೆಗೆದರೆ, ಆ ಪದ ಅವರ ನಾಲಗೆಯಲ್ಲಿದೆಯೇ ಹೊರತು ಬದುಕಿನಲ್ಲಿ ಇಲ್ಲ.

ಹಾಡು ಮಾತಿನಲ್ಲಿ ಉಳಿದರಷ್ಟೇ ಸಾಲದು, ನಡತೆಯಲ್ಲಿಯೂ ಉಳಿಯಬೇಕು. ರಾಕ್ ತಂಡದ ಷರೀಫರನ್ನು ಮೆಚ್ಚಿದ ನಮ್ಮ ಹುಡುಗರು ಒಂದು ರಾತ್ರಿ ಹಳ್ಳಿಯ ಭಜನೆಯಲ್ಲಿ ಕೂತು ಹಿಂದಿನ ಸೊಲ್ಲು ಹಾಡಲಿ. ಜಲಾಲಸಾಹೇಬರ ಹೆಸರು ಅಲ್ಲಿ ಅವರ ಕಿವಿಗೆ ಬೀಳಬಹುದು. ಯಾರ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದೂ ಕಣ್ಣಿಗೆ ಬೀಳುತ್ತದೆ.